ದಂಡು ಹೊರಟಿದೆ, ದಾರಿ ಬಿಡಿ

ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ರಸ್ತೆಯ ಗುಂಡಿ ಮುಚ್ಚುವವರು ಸಿಗುವುದು ಕಷ್ಟ. ಗುಂಡಿ ಮುಚ್ಚುವ ಅಭಿಯಾನಕ್ಕೆ ಚಾಲನೆ ನೀಡುವವರಿಗೆ ಮಾತ್ರ ಎಂದೂ ಬರ ಬಂದಿಲ್ಲ. ಚರಂಡಿಯ ಹೂಳೆತ್ತುವ ಅಭಿಯಾನ, ಸೊಳ್ಳೆ ನಿರ್ಮೂಲನ ಅಭಿಯಾನ, ಹೆಲ್ಮೆಟ್ ಅಭಿಯಾನ, ಪ್ಲಾಸ್ಟಿಕ್ ಮುಕ್ತ ಅಭಿಯಾನ, ಕರ ವಸೂಲಿ ಅಭಿಯಾನ, ಸಸಿ ನೆಡುವ ಅಭಿಯಾನ, ನೆಟ್ಟ ಸಸಿಗೆ ನೀರು ಹಾಕಿರೆಂದು ನೆನಪಿಸುವ ಜಾಗೃತಿ ಅಭಿಯಾನ, ಹೀಗೆ ಚನ್ನಮ್ಮ ವೃತ್ತದಿಂದ ಧಾರವಾಡದ ಜುಬಿಲಿ ವೃತ್ತದವರೆಗೆ ಒಂದಿಲ್ಲೊಂದು ಅಭಿಯಾನ ಸದಾ ಹೊರಡುತ್ತಲೇ ಇರುತ್ತದೆ. ಗದಗ, ಹಾವೇರಿಗಳೂ ಈ ವಿಷಯದಲ್ಲಿ ಅವಳಿನಗರಕ್ಕಿಂತ ಹಿಂದೆ ಬಿದ್ದಿಲ್ಲ. ಕೆಲಸವೆಂಬ ಹಳೆಯ ಮಾತು ಸರ್ಕಾರಿ ಕಡತಗಳಿಂದ ಪಿಂಚಣಿಯನ್ನೂ ಪಡೆಯದೆ ನಿವೃತ್ತಿ ಹೊಂದಿದ್ದು, ಅದರ ಕುರ್ಚಿಯಲ್ಲಿ ಅಭಿಯಾನ ಬಂದು ಕುಳಿತಿದೆ.

ಹೀಗೆ ಕುಳಿತಿರುವವನು ಮೂಲತಃ ಗುಮಾಸ್ತನಲ್ಲ, ಸೈನಿಕ. ಸಂಸ್ಕೃತದಲ್ಲಿ ಅಭಿಯಾನವೆಂದರೆ ಶತ್ರುವಿನ ಮೇಲೆ ನುಗ್ಗಿ ಹೋಗುವುದು, ದಂಡೆತ್ತಿ ಹೋಗುವುದು. ಕೌಟಿಲ್ಯನ ಅರ್ಥಶಾಸ್ತ್ರದ ಒಂಬತ್ತನೆಯ ಅಧಿಕರಣದ ಹೆಸರೇ ಅಭಿಯಾಸ್ಯತ್ಕರ್ಮ, ಅಂದರೆ ದಂಡೆತ್ತಿ ಹೋಗಲಿರುವ ರಾಜ ಮೊದಲು ಮಾಡಿ ಮುಗಿಸಬೇಕಾದ ಕೆಲಸಗಳು. ತನ್ನ ಮತ್ತು ಶತ್ರುವಿನ ಶಕ್ತಿ ಎಷ್ಟು, ಹೋಗುವ ನೆಲ ಎಂಥದ್ದು, ಕಾಲ ಯಾವುದು ಎಂದು ಅಳೆದು ನೋಡದೆ ರಾಜ ಹೆಜ್ಜೆ ಎತ್ತಬಾರದು ಎಂಬುದು ಅಲ್ಲಿನ ಕಟ್ಟಪ್ಪಣೆ. ಮಾರ್ಗಶಿರದಲ್ಲಿ ಹೊರಡುವುದು ಯಾವಾಗ, ಚೈತ್ರದಲ್ಲಿ ಯಾವಾಗ, ಜ್ಯೇಷ್ಠದಲ್ಲಿ ಯಾವಾಗ ಎಂದು ಶತ್ರುವಿನ ಕಣಜದ ಸ್ಥಿತಿಯನ್ನೂ ಹೊಲದ ಬೆಳೆಯನ್ನೂ ನೋಡಿ ಕೌಟಿಲ್ಯ ಲೆಕ್ಕ ಹಾಕುತ್ತಾನೆ. ಮುಂದುವರಿದು ಕ್ಷಯ, ವ್ಯಯ, ಲಾಭಗಳೆಂಬ ಮೂರನ್ನು ತೂಗಿ ನೋಡಬೇಕೆನ್ನುತ್ತಾನೆ: ಆಳು ಮತ್ತು ವಾಹನಪಶುಗಳ ನಷ್ಟ ಕ್ಷಯ, ಹೊನ್ನು ಮತ್ತು ಧಾನ್ಯದ ನಷ್ಟ ವ್ಯಯ, ಇವೆರಡನ್ನೂ ಮೀರಿಸುವಂತೆ ಸಿಗಬೇಕಾದದ್ದು ಲಾಭ. ಎರಡು ಸಾವಿರ ವರ್ಷಗಳ ನಂತರ ಈ ಮೂರರಲ್ಲಿ ವ್ಯಯವೊಂದನ್ನು ಮಾತ್ರ ನಮ್ಮ ಆಡಳಿತ ಅತ್ಯಂತ ಶ್ರದ್ಧೆಯಿಂದ ಉಳಿಸಿಕೊಂಡು ಬಂದಿದೆ.

ಇಂಗ್ಲಿಷಿನವರ ಕ್ಯಾಂಪೇನ್ ಕೂಡ ರಣರಂಗದ ಕೂಸೇ. ಲ್ಯಾಟಿನ್ನಿನಲ್ಲಿ ಬಯಲು ಎಂಬರ್ಥದ ಕ್ಯಾಂಪಸ್ ಎಂಬ ಮಾತು ಇಟಲಿ, ಫ್ರಾನ್ಸುಗಳನ್ನು ಹಾದು ಇಂಗ್ಲೆಂಡಿಗೆ ಬರುವ ಹೊತ್ತಿಗೆ ಸೈನ್ಯ ಬಯಲಿಗಿಳಿದು ಹೋರಾಡುವ ಋತು ಎಂಬ ಅರ್ಥವನ್ನು ಹೊತ್ತುಕೊಂಡಿತ್ತು. ಚಳಿಗಾಲದಲ್ಲಿ ಯುರೋಪಿನ ಸೈನ್ಯಗಳು ಬಿಡಾರದಲ್ಲಿ ಬೆಚ್ಚಗಿದ್ದು, ಹುಲ್ಲು ಚಿಗುರಿ ಕುದುರೆಗೆ ಮೇವು ಸಿಗುವಾಗ ಬಯಲಿಗೆ ಬರುತ್ತಿದ್ದವು. ಮತ್ತೆ ಚಳಿ ಬಂದಾಗ ಕ್ಯಾಂಪೇನ್ ಮುಗಿಯುತ್ತಿತ್ತು. ಅದೇ ಬಯಲಿನಲ್ಲಿ ಹೋರಾಡಿ ನಿಂತವನು ಚಾಂಪಿಯನ್ ಆದ, ಆ ಎರಡೂ ಮಾತುಗಳಿಗೆ ಬೇರು ಒಂದೇ. ನಮ್ಮ ಸೀಮೆಗೆ ಈ ಲೆಕ್ಕಾಚಾರ ಹೊಸದೇನೂ ಆಗಿರಲಿಲ್ಲ. ಮಳೆಗಾಲ ಮುಗಿದು, ಹೊಳೆ ಇಳಿದು, ದಾರಿ ಗಟ್ಟಿಯಾದ ಮೇಲೆ ಮಹಾನವಮಿಯಲ್ಲಿ ಆಯುಧಗಳಿಗೆ ಪೂಜೆ ಮಾಡಿ, ವಿಜಯದಶಮಿಯ ದಿನ ಊರ ಗಡಿ ದಾಟಿ ಸೀಮೋಲ್ಲಂಘನ ಮಾಡುವುದು ರಾಜರ ಪದ್ಧತಿಯಾಗಿತ್ತು. ಇಂದಿಗೂ ನಮ್ಮ ಕಡೆ ಬನ್ನಿ ಕೊಟ್ಟು ಬಂಗಾರದಂಗಿರೋಣ ಎನ್ನುವಾಗ, ದಂಡಿಗೆ ಹೊರಟವರ ಹಬ್ಬವನ್ನೇ ನಾವು ಆಚರಿಸುತ್ತಿರುತ್ತೇವೆ, ಆದರೆ ಹೊರಡುವವರು ಯಾರೂ ಇರುವುದಿಲ್ಲ.

ನಿಜವಾದ ಕ್ಯಾಂಪೇನ್ ಒಂದು ಇದೇ ಮಣ್ಣಿನ ಮೇಲೆ ನಡೆದದ್ದುಂಟು. ಟಿಪ್ಪುವಿನ ಪತನದ ನಂತರ ಈ ಸೀಮೆಯಲ್ಲಿ ತನ್ನದೇ ದಂಡು ಕಟ್ಟಿಕೊಂಡು ತಿರುಗುತ್ತಿದ್ದ ಧೋಂಡಿಯಾ ವಾಘ್‌ನನ್ನು 1800ರಲ್ಲಿ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ವೆಲಿಂಗ್ಟನ್ ಇವನೇ. ತುಂಗಭದ್ರೆಯನ್ನು ದಾಟಿ, ಸವಣೂರನ್ನು ಹಾದು, ಇಂದು ಗದಗ ಜಿಲ್ಲೆಯಲ್ಲಿರುವ ಡಂಬಳದ ಕೋಟೆಯನ್ನು ಹಿಡಿದು, ಕೊನೆಗೆ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಧೋಂಡಿಯಾನನ್ನು ಎದುರುಗೊಂಡ. ಧೋಂಡಿಯಾ ಅಲ್ಲೇ ಬಿದ್ದ, ಕ್ಯಾಂಪೇನ್ ಅಂದೇ ಮುಗಿಯಿತು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೆಂದರೆ ಇದೆಲ್ಲ ನಡೆದದ್ದು ಮಳೆಗಾಲದಲ್ಲಿ, ಎರೆನೆಲದ ಕೆಸರಿನಲ್ಲಿ, ತೋಪುಗಳನ್ನು ಎಳೆದುಕೊಂಡು. ಎರಡು ಶತಮಾನಗಳ ನಂತರ ಅದೇ ನೆಲದಲ್ಲಿ ಒಂದು ಪುಟ್ಟಿ ಜೆಲ್ಲಿ ಮತ್ತು ಒಂದು ಡಬ್ಬಿ ಡಾಂಬರನ್ನು ಮೂಲೆಯ ಓಣಿಯವರೆಗೆ ಒಯ್ಯಬೇಕಾದ ಗುಂಡಿ ಮುಚ್ಚುವ ಅಭಿಯಾನ, ಮಳೆ ನಿಂತ ಮೇಲೆ ಎಂಬ ಒಂದೇ ಮಾತಿನ ಹಿಂದೆ ಬಿಡಾರ ಹೂಡಿ ಕುಳಿತಿರುತ್ತದೆ; ಮಳೆ ನಿಂತಾಗ ಧೂಳು ನಿಯಂತ್ರಣ ಅಭಿಯಾನದ ಸಿದ್ಧತೆ ಆರಂಭವಾಗಿರುತ್ತದೆ.

ಯುದ್ಧದ ಮಾತುಗಳನ್ನು ಆಟದವರು ಎರವಲು ಪಡೆದದ್ದು ಸಹಜವೇ ಆಗಿತ್ತು. ನಾಯಕ, ದಾಳಿ, ರಕ್ಷಣೆ, ಪಡೆ, ವ್ಯೂಹ, ಇವೆಲ್ಲ ಪಾಳೆಯದಿಂದ ಅಂಗಳಕ್ಕೆ ಬಂದವು. ಕಬಡ್ಡಿಯ ರೈಡ್ ಎಂಬುದೂ ಕುದುರೆ ಏರಿ ಕೊಳ್ಳೆಗೆ ಹೋಗುವ ಸವಾರಿಯ ಹೆಸರು. ರೈಡ್ ಮತ್ತು ರೋಡ್ ಇಂಗ್ಲಿಷಿನಲ್ಲಿ ಒಂದೇ ತಾಯಿಯ ಮಕ್ಕಳು ಎಂಬುದನ್ನು ಸವಾರಿ ಮಾಡಲಾಗದ ರಸ್ತೆಗಳ ಊರಿನವರಾದ ನಾವು ಕೇವಲ ಜ್ಞಾನಾರ್ಜನೆಗಾಗಿ ತಿಳಿದುಕೊಳ್ಳಬಹುದು. ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಭಿಯಾನ ಆರಂಭ, ಅಭಿಯಾನ ಅಂತ್ಯ ಎಂಬ ಶೀರ್ಷಿಕೆಗಳನ್ನು ನಾವೆಲ್ಲ ಓದುತ್ತಲೇ ಬಂದಿದ್ದೇವೆ. ಆದರೆ ಆಟದವರು ಮಾತನ್ನು ಎರವಲು ಪಡೆದಾಗ ಅದರ ಹೊಣೆಯನ್ನೂ ಜೊತೆಗೇ ಹೊತ್ತುಕೊಂಡರು. 1983ರ ವಿಶ್ವಕಪ್‌ನಲ್ಲಿ ಭಾರತದ ಅಭಿಯಾನ ಜೂನ್ 9ರಂದು ಮ್ಯಾಂಚೆಸ್ಟರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆರಂಭವಾಗಿ, ಜೂನ್ 25ರಂದು ಲಾರ್ಡ್ಸ್‌ನಲ್ಲಿ ಅದೇ ವೆಸ್ಟ್ ಇಂಡೀಸನ್ನು 43 ರನ್ನುಗಳಿಂದ ಸೋಲಿಸಿ ಮುಗಿಯಿತು. 2023ರಲ್ಲಿ ಅಕ್ಟೋಬರ್ 8ರಂದು ಚೆನ್ನೈಯಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ಹೊರಟ ಅಭಿಯಾನ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಅದೇ ಆಸ್ಟ್ರೇಲಿಯದ ಕೈಯಲ್ಲಿ ಸೋತು ನಿಂತಿತು. ಒಂದು ಗೆಲುವು, ಒಂದು ಸೋಲು. ಎರಡಕ್ಕೂ ಆರಂಭದ ತಾರೀಖು ಇದೆ, ಅಂತ್ಯದ ತಾರೀಖು ಇದೆ, ನಡುವಿನ ಪ್ರತಿ ಚೆಂಡಿಗೂ ಲೆಕ್ಕವಿದೆ, ಸೋತದ್ದನ್ನು ಯಶಸ್ವಿಯಾಗಿ ಸಂಪನ್ನಗೊಂಡಿತು ಎಂದು ಬರೆಯುವ ಧೈರ್ಯ ಯಾವ ವರದಿಗಾರನಿಗೂ ಬರಲಿಲ್ಲ.

ಲೆಕ್ಕವೆಂದರೆ ಏನೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ಗದಗಿನಲ್ಲಿ ಹುಟ್ಟಿದ ಸ್ಪಿನ್ ಬೌಲರ್ ಸುನಿಲ್ ಜೋಶಿ 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರ್ ಎಸೆದು, ಅವುಗಳಲ್ಲಿ ಆರನ್ನು ಒಂದೂ ರನ್ ಕೊಡದ ಮೇಡನ್ ಮಾಡಿ, ಆರೇ ಆರು ರನ್ ಕೊಟ್ಟು, ಐದು ವಿಕೆಟ್ ಪಡೆದರು. ಈ ನಾಲ್ಕು ಅಂಕಿಗಳನ್ನು ನೋಡಿದ ಯಾರಿಗಾದರೂ ಅಂದು ಏನು ನಡೆಯಿತೆಂದು ತಿಳಿಯುತ್ತದೆ. ಇದೇ ಸಾಧನೆಯನ್ನು ನಮ್ಮ ಇಲಾಖೆಗಳ ಪ್ರಕಟಣೆಯ ಭಾಷೆಯಲ್ಲಿ ಬರೆದಿದ್ದರೆ, ಗಣ್ಯರ ಉಪಸ್ಥಿತಿಯಲ್ಲಿ ಬೌಲಿಂಗ್ ಅಭಿಯಾನಕ್ಕೆ ಅರ್ಥಪೂರ್ಣ ಚಾಲನೆ ನೀಡಲಾಯಿತು, ವಿಕೆಟ್‌ಗಳ ಮಹತ್ವದ ಕುರಿತು ಬ್ಯಾಟ್ಸ್‌ಮನ್ನರಲ್ಲಿ ವ್ಯಾಪಕ ಜಾಗೃತಿ ಮೂಡಿಸಲಾಯಿತು ಎಂಬುದಾಗಿ ಓದಿಕೊಳ್ಳಬೇಕಾಗುತ್ತಿತ್ತು.

ಇನ್ನು ನಮ್ಮ ಅಭಿಯಾನ ಹೊರಡುವ ವೈಭವ. ಬೆಳಿಗ್ಗೆ ಒಂಬತ್ತಕ್ಕೆ ನಿಗದಿಯಾದ ಕಾರ್ಯಕ್ರಮಕ್ಕೆ ಏಳೂವರೆಗೇ ಶಾಲೆಯ ಮಕ್ಕಳನ್ನು ತಂದು ಬಿಸಿಲಿನಲ್ಲಿ ನಿಲ್ಲಿಸಲಾಗುತ್ತದೆ, ಏಕೆಂದರೆ ಕಾಲಾಳುಗಳಿಲ್ಲದೆ ದಂಡು ಹೊರಡುವುದು ಶಾಸ್ತ್ರಸಮ್ಮತವಲ್ಲ. ಹನ್ನೊಂದರ ಸುಮಾರಿಗೆ ಅತಿಥಿಗಳು ಬರುತ್ತಾರೆ. ಅವರ ಕೊರಳಿಗೆ ಹಾವೇರಿಯ ಏಲಕ್ಕಿ ಮಾಲೆ ಬೀಳುತ್ತದೆ, ತಲೆಗೆ ಪೇಟ ಏರುತ್ತದೆ, ಕೈಗೆ ಧಾರವಾಡ ಪೇಡೆಯ ಡಬ್ಬಿ ಸೇರುತ್ತದೆ, ಮತ್ತು ಈ ಮೂರೂ ಕಾರ್ಯಗಳು ಅಂದು ವ್ಯವಸ್ಥಿತವಾಗಿ ಪೂರ್ಣಗೊಳ್ಳುವ ಕಾರ್ಯಗಳ ಸಂಪೂರ್ಣ ಪಟ್ಟಿಯಾಗಿರುತ್ತವೆ. ಮುದ್ರಣ ಕಾಶಿಯೆಂದು ಹೆಸರಾದ ಗದಗಿನಲ್ಲಿ ಅಚ್ಚಾದ ಕರಪತ್ರಗಳು ಹಂಚಲ್ಪಟ್ಟು, ಸಭೆ ಮುಗಿಯುವುದರೊಳಗೆ ಸ್ವಚ್ಛತಾ ಅಭಿಯಾನಕ್ಕೆ ಬೇಕಾದಷ್ಟು ಕಸವನ್ನು ಸ್ಥಳದಲ್ಲೇ ಒದಗಿಸುತ್ತವೆ. ಬಳಿಕ ಪ್ರತಿಜ್ಞಾವಿಧಿ ಬೋಧನೆ, ಬಾವುಟ ಬೀಸುವಿಕೆ, ಜಾಥಾ. ಜಾಥಾ ಎಂಬುದೂ ಪಂಜಾಬಿನ ಸಿಖ್ಖರ ಶಸ್ತ್ರಸಜ್ಜಿತ ತಂಡದ ಹೆಸರು. ಮಕ್ಕಳು ಕೂಗುವ ಸ್ಲೋಗನ್ ಎಂಬುದು ಸ್ಕಾಟ್ಲೆಂಡಿನ ಗುಡ್ಡಗಾಡಿನವರ ರಣಘೋಷ. ಹೀಗೆ ಪಂಜಾಬ್, ಸ್ಕಾಟ್ಲೆಂಡ್, ಕೌಟಿಲ್ಯನ ಮಗಧಗಳ ಸೇನಾ ಪರಂಪರೆಗಳು ಒಂದಾಗಿ ಸೇರಿ, ಎದುರಿನ ಚರಂಡಿಯನ್ನು ಎಚ್ಚರಿಕೆಯಿಂದ ದಾಟಿಕೊಂಡು, ಅದನ್ನು ಮುಟ್ಟದೆ ಮುಂದೆ ಸಾಗುತ್ತವೆ.

ಪ್ಲಾಸ್ಟಿಕ್ ಮುಕ್ತ ಅಭಿಯಾನದ ವಿಚಾರವನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ಶತ್ರುವೇ ದಂಡಿನ ಮುಂದೆ ಧ್ವಜ ಹಿಡಿದು ನಡೆಯುತ್ತಾನೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳ ಜೊತೆಗೆ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಜಾರಿಗೆ ತಂದ ನಿಷೇಧದಲ್ಲಿಯೂ ನೂರು ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಬ್ಯಾನರುಗಳು ಸೇರಿವೆ. ಇಷ್ಟಾದರೂ ಪ್ಲಾಸ್ಟಿಕ್ ತ್ಯಜಿಸಿರೆಂದು ಬೋಧಿಸುವ ಬ್ಯಾನರು ಯಾವುದರಿಂದ ಆಗಿರುತ್ತದೆ ಎಂಬುದನ್ನು ಕೈಯಿಂದ ಮುಟ್ಟಿ ನೋಡಿದವರು ಮಾತ್ರ ಬಲ್ಲರು. ಬೇರೆ ಊರಿನವರಾಗಿದ್ದರೆ ಬಟ್ಟೆ ಸಿಗಲಿಲ್ಲ ಎಂಬ ನೆಪ ನಡೆಯುತ್ತಿತ್ತೇನೋ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ದೇಶದ ರಾಷ್ಟ್ರಧ್ವಜವನ್ನೇ ಖಾದಿಯಲ್ಲಿ ಹೊಲಿದು ಕೊಡುವ ಸಂಘವಿದೆ, 1957ರಲ್ಲಿ ಸ್ಥಾಪನೆಯಾದದ್ದು. ಧಾರವಾಡದ ಬಳಿಯ ಗರಗದ ಖಾದಿಗೂ ಧ್ವಜದ ಚರಿತ್ರೆಯಲ್ಲಿ ಹೆಸರಿದೆ. ದೇಶಕ್ಕೆ ಬಾವುಟ ಕೊಟ್ಟ ಊರಿಗೆ ತನ್ನ ಒಂದು ಅಭಿಯಾನಕ್ಕೆ ಮೂರು ಗಜ ಬಟ್ಟೆ ಒದಗಲಿಲ್ಲ. ಆದರೆ ಈ ಮಾತಿನಲ್ಲಿ ನಮ್ಮ ಇಲಾಖೆಗಳನ್ನು ಮಾತ್ರ ದೂರುವುದು ನ್ಯಾಯವಲ್ಲ: 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೇ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕಿದ ಮೇಲೆ, ಫ್ಲೆಕ್ಸ್ ಬ್ಯಾನರು ತಾನೂ ದೇಶಭಕ್ತನೇ ಎಂದು ವಾದಿಸಬಲ್ಲದು.

ಹೆಲ್ಮೆಟ್ ಅಭಿಯಾನ ಇದಕ್ಕಿಂತ ಸರಳ. ಅದರಲ್ಲಿ ಭಾಗವಹಿಸುವ ದ್ವಿಚಕ್ರ ವಾಹನಗಳ ರ‍್ಯಾಲಿ ವೃತ್ತ ದಾಟಿ ಪೊಲೀಸರ ಕಣ್ಣಿಗೆ ಮರೆಯಾಗುವವರೆಗೆ ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇರುತ್ತದೆ. ಸೊಳ್ಳೆಗಳ ವಿಚಾರದಲ್ಲಿ ಹೇಳುವುದಾದರೆ, ಅವುಗಳ ವಿರುದ್ಧ ಯುದ್ಧ ಸಾರಿರುವ ಸಂಗತಿಯನ್ನು ಇದುವರೆಗೆ ಅವುಗಳಿಗೆ ಯಾರೂ ತಿಳಿಸಿದಂತಿಲ್ಲ.

ಪತ್ರಿಕಾ ಪ್ರಕಟಣೆ ಹೊರಬೀಳುವ ಹೊತ್ತಿಗೆ ಯುದ್ಧ ಪರಾಕಾಷ್ಠೆಗೆ ಮುಟ್ಟುತ್ತದೆ. ಕಾಮಗಾರಿ ಸಮರೋಪಾದಿಯಲ್ಲಿ ಸಾಗಿದೆ, ಕಾರ್ಯಪಡೆ ರಚನೆಯಾಗಿದೆ, ವಾರ್ ರೂಮ್ ಸಜ್ಜಾಗಿದೆ, ನೋಡಲ್ ಅಧಿಕಾರಿಗಳು ನೇಮಕಗೊಂಡಿದ್ದಾರೆ. ವಾರ್ ರೂಮಿನಲ್ಲಿ ಎರಡು ಕಂಪ್ಯೂಟರುಗಳೂ, ಸದಾ ಕಾರ್ಯನಿರತವಾಗಿರುವುದರಿಂದ ಯಾರಿಗೂ ಸಿಗದ ಒಂದು ದೂರವಾಣಿಯೂ ಇರುತ್ತವೆ. ಮಹಾಭಾರತದಲ್ಲಿ ಯುದ್ಧಕ್ಕೆ ಮುಂಚಿನ ಸಿದ್ಧತೆ, ಸಂಧಾನ, ದೂತರ ಓಡಾಟಗಳನ್ನೆಲ್ಲ ಹೇಳುವ ಭಾಗಕ್ಕೆ ಉದ್ಯೋಗಪರ್ವವೆಂದು ಹೆಸರು. ಅದರ ಮರುಪರ್ವದಲ್ಲಿ ಭೀಷ್ಮರು ಶಂಖ ಊದುತ್ತಾರೆ, ಬಾಣ ಬಿಡುತ್ತಾರೆ, ಬೀಳುತ್ತಾರೆ. ವೀರನಾರಾಯಣನ ಸನ್ನಿಧಿಯಲ್ಲಿ ಕನ್ನಡ ಭಾರತ ಹುಟ್ಟಿದ ನಾಡಿನಲ್ಲಿ ಈ ಕ್ರಮ ಎಲ್ಲರಿಗೂ ತಿಳಿದೇ ಇದೆ. ಅಭಿಯಾನಗಳು ಮಾತ್ರ ಉದ್ಯೋಗಪರ್ವವನ್ನು ಓದಿ ಮುಗಿಸಿ ಮಂಗಳಾರತಿ ಎತ್ತಿಬಿಡುತ್ತವೆ. ಮುಂದಿನ ವರ್ಷ ಮತ್ತೆ ಉದ್ಯೋಗಪರ್ವದಿಂದಲೇ ಪಾರಾಯಣ.

ಕಲ್ಲುಗಳ ಸಾಕ್ಷಿಯನ್ನೂ ಕೇಳಬಹುದು. ಹಾವೇರಿ, ಗದಗ ಜಿಲ್ಲೆಗಳ ಊರೂರಿನಲ್ಲಿ ಹನುಮಪ್ಪನ ಗುಡಿಯ ಮುಂದೋ ಕೆರೆಯ ಏರಿಯ ಮೇಲೋ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಿರುವ ದೃಶ್ಯ, ಮೇಲೆ ಆತ ಶಿವಸಾನ್ನಿಧ್ಯದಲ್ಲಿ ಕುಳಿತಿರುವುದು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು, ಊರ ಗಡಿಗಾಗಿ ಸತ್ತವನು, ಇವರಿಗೆ ಕಲ್ಲು ನಿಂತದ್ದು ಕೆಲಸ ಮುಗಿದ ಮೇಲೆ. ನಮ್ಮ ಕಾಲದಲ್ಲಿ ಕಲ್ಲು ಮೊದಲು ನಿಲ್ಲುತ್ತದೆ. ನುಣುಪಾದ ಕರಿಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಸಾಲುಸಾಲಾಗಿ ಹೆಸರುಗಳಿದ್ದು, ಹೋರಾಟದ ಪಟ್ಟಿಕೆಗೆ ಜಾಗ ಉಳಿಯದೆ ಎಲ್ಲರೂ ನೇರವಾಗಿ ಶಿವಸಾನ್ನಿಧ್ಯದಲ್ಲಿ ಕುಳಿತುಬಿಟ್ಟಿರುತ್ತಾರೆ. ಮುಂದೆ ಬರುವ ಶಾಸನ ಸಂಶೋಧಕರು ಈ ಕಲ್ಲುಗಳನ್ನು ಓದಿ, ಇಷ್ಟು ಜನ ವೀರರು ಒಂದೇ ಚರಂಡಿಗಾಗಿ ಒಂದೇ ದಿನ ಮಡಿದರೆಂದು ತಿಳಿದರೆ ಅವರನ್ನು ತಪ್ಪುಗಾರರೆನ್ನಲಾಗದು.

ಇದನ್ನೆಲ್ಲ ಹೇಳುವಾಗ ಅಭಿಯಾನವೆಂಬುದೇ ಬೂಟಾಟಿಕೆ ಎಂದು ಸಾರಿಬಿಡುವುದು ಸುಲಭ, ಆದರೆ ಅದು ಸುಳ್ಳಾಗುತ್ತದೆ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾಯಿತು. ಅಂಗನವಾಡಿಯವರು, ಬಳಿಕ ಆಶಾ ಕಾರ್ಯಕರ್ತೆಯರು, ಲಸಿಕೆಯ ತಂಪುಪೆಟ್ಟಿಗೆ ಹೆಗಲಿಗೇರಿಸಿಕೊಂಡು ಮನೆಮನೆ ತಿರುಗಿದರು. ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದರು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಬಾಗಿಲಿಗೆ ಸೀಮೆಸುಣ್ಣದಿಂದ ‘ಪಿ’ ಎಂದೂ, ಮಗು ತಪ್ಪಿಹೋದ ಅಥವಾ ಬಾಗಿಲು ತೆರೆಯದ ಮನೆಗೆ ‘ಎಕ್ಸ್’ ಎಂದೂ ಗುರುತು ಹಾಕಿ, ‘ಎಕ್ಸ್’ ಬಿದ್ದ ಮನೆಗೆ ಮತ್ತೆ ಹೋದರು. ಆ ಮರಳಿ ಹೋಗುವಿಕೆಯಲ್ಲಿ ಇಡೀ ಅಭಿಯಾನದ ಸತ್ವವಿತ್ತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಿತು. ಶತ್ರು ಯಾರೆಂದು ಗೊತ್ತಿತ್ತು, ಎಷ್ಟು ಉಳಿದಿದೆಯೆಂದು ಗೊತ್ತಿತ್ತು, ಸೊನ್ನೆ ಎಂಬ ಅಂಕಿಯನ್ನು ತಲುಪುವುದೇ ಗುರಿಯಾಗಿತ್ತು. ಕೌಟಿಲ್ಯ ಬದುಕಿದ್ದರೆ ಆ ಸೀಮೆಸುಣ್ಣದ ಗುರುತುಗಳನ್ನು ನೋಡಿ, ಇದು ತನ್ನ ಒಂಬತ್ತನೆಯ ಅಧಿಕರಣವನ್ನು ಓದಿದವರ ಕೆಲಸವೆಂದು ತಲೆದೂಗುತ್ತಿದ್ದ. ಆ ಹೆಣ್ಣುಮಕ್ಕಳ ಹೆಸರು ಯಾವ ಕರಿಕಲ್ಲಿನ ಮೇಲೂ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಹುಬ್ಬಳ್ಳಿಯ ನಡುಮಧ್ಯದಲ್ಲಿ ಕುದುರೆಯ ಮೇಲೆ ಕುಳಿತು ಕತ್ತಿ ಹಿರಿದಿರುವ ಕಿತ್ತೂರು ಚನ್ನಮ್ಮ ರಾಣಿಗೂ ಆರಂಭ-ಅಂತ್ಯಗಳ ಈ ನಿಷ್ಠುರ ಲೆಕ್ಕ ತಿಳಿದಿತ್ತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಬಿದ್ದ, ಅಂದು ಗೆಲುವು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು, ಅಂದು ಸೋಲು. ಎರಡನ್ನೂ ಚರಿತ್ರೆ ಇದ್ದಂತೆಯೇ ಬರೆದುಕೊಂಡಿದೆ. ಈಗ ಆಕೆಯ ಪ್ರತಿಮೆಯ ಸುತ್ತಮುತ್ತಲಲ್ಲೇ ಅಭಿಯಾನಗಳ ಬಾವುಟ ಬೀಸಲಾಗುತ್ತದೆ. ಆಕೆ ಮುಖ ತಿರುಗಿಸಿಕೊಳ್ಳದಿರುವುದು ಕಂಚಿನ ಮಿತಿಯಿಂದಾಗಿಯೇ ಹೊರತು ಸಹನೆಯಿಂದಲ್ಲ ಎಂದು ನನ್ನ ಅನುಮಾನ.

ಈ ಕಾರಣದಿಂದ, ಯಾವ ಇಲಾಖೆಯೆಂದು ಹೆಸರಿಸಲು ಇಚ್ಛಿಸದ ಒಂದು ಇಲಾಖೆಯ ಅಧಿಕಾರಿಯೊಬ್ಬರ ಮುಂದೆ ನಾನೊಂದು ಸಲಹೆ ಇಟ್ಟೆ. ಪ್ರತಿ ಅಭಿಯಾನ ಹೊರಡುವ ದಿನ ವೃತ್ತದಲ್ಲಿ ಕ್ರಿಕೆಟ್ ಮೈದಾನದಲ್ಲಿರುವಂಥ ಒಂದು ಸ್ಕೋರ್‌ಬೋರ್ಡ್ ನಿಲ್ಲಿಸಬೇಕು. ವಾರ್ಡಿನಲ್ಲಿ ಒಟ್ಟು ಗುಂಡಿಗಳೆಷ್ಟು, ಮುಚ್ಚಿದ್ದೆಷ್ಟು, ಮುಚ್ಚಿದವುಗಳಲ್ಲಿ ಮತ್ತೆ ಬಾಯಿ ತೆರೆದವು ಎಷ್ಟು, ವೆಚ್ಚವೆಷ್ಟು ಎಂದು ದಿನವೂ ಸಂಜೆ ಅಂಕಿ ಬದಲಿಸಬೇಕು. ಕೊನೆಯ ದಿನ ಗೆದ್ದೆವೋ ಸೋತೆವೋ ಎಂದು ಬರೆದು ಬೋರ್ಡು ಇಳಿಸಬೇಕು ಎಂದೆ. ಅವರು ಚಹಾ ತರಿಸಿದರು, ಪೂರ್ತಿ ಕೇಳಿದರು, ಟಿಪ್ಪಣಿ ಕೂಡ ಮಾಡಿಕೊಂಡರು.

“ಭಾಳ ಚಲೋ ವಿಚಾರ ಐತ್ರಿ,” ಎಂದರು. “ಆದ್ರ ಒಂದ ತೊಡಕ ಐತಿ ನೋಡ್ರಿ. ಉದ್ಘಾಟನಾಕ್ಕ ಲೆಕ್ಕಶೀರ್ಷಿಕೆ ಐತಿ, ಪ್ರಚಾರಕ್ಕ ಐತಿ, ಪೆಂಡಾಲಿಗೂ ಐತಿ. ಮುಗೀತು ಅಂತ ಬರಿಯಾಕ ಯಾವ ಶೀರ್ಷಿಕೆನೂ ಇಲ್ಲ. ಅದೂ ಅಲ್ದ, ಮುಗೀತು ಅಂತ ನಾವ ಬರದ ಕೊಟ್ರ, ಮುಂದಿನ ವರ್ಷದ ಅನುದಾನ ಯಾರ ಕೊಡ್ತಾರ್ರಿ? ಸ್ಕೋರ್‌ಬೋರ್ಡಿನ ಉದ್ಘಾಟನಾ ಬೇಕಾದ್ರ ಮಾಡಿಬಿಡೋಣು. ಯಾವ ತಾರೀಖ ಇಟ್ಕೊಳ್ಳೋಣ್ರಿ?”